ಹಿಂದಿನ ಬಾಗಿಲು ಜಗ್ಗಿದ್ದು ಯಾಕೆ

ಅಣ್ಣಾ,

ಹಳೇ ಕಾರಿನ ಹಿಂದಿನ ಎಡಬಾಗಿಲು ಮುಟ್ಟಬೇಡ. ಅದು ತಿರುಗುವ ಹಿಂಜಿನ ಬೋಲ್ಟ್ ಸಡಿಲ ಮಾಡಿ, ಕೆಳಗೆ ಜಾಕ್ ಕೊಟ್ಟಿದ್ದೇನೆ. ನೀನು ಪ್ರತಿ ಸಲ ಭುಜ ಕೊಟ್ಟು ತಳ್ಳಿ ಮುಚ್ಚಿದ್ದಕ್ಕೇ ಅಂಚಿನ ಬಣ್ಣ ಎದ್ದಿರೋದು, ಮಹಾರಾಯ.

ನನ್ನ ತಲೆಗೆ ಹುಳ ಬಿಟ್ಟದ್ದು ಬೇರೆ ವಿಷಯ. ನಲವತ್ತು ವರ್ಷದಿಂದ ದಿನಾ ತೆಗೆದು ಹಾಕುವ ಡ್ರೈವರ್ ಬಾಗಿಲು ಕೂದಲೆಳೆಯಷ್ಟೂ ಜಗ್ಗಿಲ್ಲ. ಅಮ್ಮ ಲೈಬ್ರರಿಗೆ ಹೋಗುವಾಗ ಮಾತ್ರ ತೆಗೆಯುವ ಇದು ಅರ್ಧ ಬೆರಳು ಇಳಿದಿದೆ. ಹೋದ ತಿಂಗಳಷ್ಟೇ ಹೊಸ ಪಿನ್ ಹಾಕಿ, ತಗಡು ಕೊಟ್ಟು ಕೂರಿಸಿದ್ದೆ. ಮತ್ತೆ ಅದೇ ಕಥೆ. ಯಾಕಿರಬಹುದು?

ನಿನ್ನೆ ಲೈಬ್ರರಿ ಮುಂದೆ ನಿಲ್ಲಿಸಿ, ಕನ್ನಡಿಯಲ್ಲಿ ನೋಡುತ್ತಾ ಕೂತೆ. ಅಮ್ಮ ಬಾಗಿಲನ್ನು ಎರಡೂ ಕೈಯಲ್ಲಿ ಹಿಡಿದು, ಪೂರ್ತಿ ಜೋತುಬಿದ್ದು ಎದ್ದಳು. ಎಡಗಾಲು ಊರಲೇ ಇಲ್ಲ. ಕೇಳಿದರೆ, "ನಂಗೇನಾಗಿದೆ? ಗುಂಡುಕಲ್ಲಿನ ಹಾಗಿದೀನಿ" ಅಂದಳು.

ಹಿಂಜ್ ನಾನು ಸಂಜೆ ಬಂದು ಕೂರಿಸುತ್ತೇನೆ. ಇವತ್ತು ಹತ್ತು ಗಂಟೆಗೆ ನೀನು ಅಮ್ಮನನ್ನು ಟ್ಯಾಕ್ಸಿಯಲ್ಲಿ ಮಂಡಿ ಡಾಕ್ಟರ ಹತ್ತಿರ ಕರೆದುಕೊಂಡು ಹೋಗು. ಅವರಿಗೆ ಹೇಳಿಟ್ಟಿದ್ದೇನೆ. ಅಮ್ಮನಿಗೆ ಏನು ನೆಪ ಹೇಳುತ್ತೀಯೋ ನಿನಗೆ ಬಿಟ್ಟದ್ದು.

ಟ್ಯಾಕ್ಸಿಯಿಂದ ಇಳಿಯುವಾಗ ಅವಳ ಕೈ ಬಾಗಿಲಿಗೆ ಹೋಗುತ್ತದೆ, ನೋಡುತ್ತಿರು. ಅಷ್ಟರಲ್ಲಿ ಆ ನಿನ್ನ ಭುಜ ಅವಳಿಗೆ ಕೊಡು.