ಹುನಗುಂದ ದಾಟಿ ನಿಂತ ಕಾರು

ವಿದ್ಯಾಗಿರಿ, ಬಾಗಲಕೋಟೆ
12 ನವೆಂಬರ್ 2025, ಬುಧವಾರ

ಸ್ವಸ್ತಿ ಶ್ರೀ! ಇಳಕಲ್ ಪುರವರಾಧೀಶ್ವರಿ, ಶೇಂಗಾಹೋಳಿಗೆ ಸಂಹಾರಿಣಿ, ತಮ್ಮನ ಬೆನ್ನಿಗೆ ಗುದ್ದುವ ವಿದ್ಯೆಯಲ್ಲಿ ಅದ್ವಿತೀಯಳೂ, ಏಳು ತಿಂಗಳ ಗರ್ಭದ ನಿಮಿತ್ತ ಸದ್ಯಕ್ಕೆ ಗುದ್ದಲಾರದವಳೂ ಆದ ಅಕ್ಕ ಭಾಗ್ಯಜ್ಯೋತಿಯ ಪಾದಾರವಿಂದಗಳಿಗೆ ಗೌತಮನ ದೀರ್ಘದಂಡ ನಮಸ್ಕಾರ.

ರವಿವಾರ ನಾವು ಸೀಮಂತದ ಕುಬಸ ತರುತ್ತೇವೆಂದು ನೀನು ಬಾಗಿಲಿಗೆ ರಂಗೋಲಿ ಹಾಕಿದ್ದು, ನಿನ್ನ ಪತಿದೇವ ಮಹಾಂತೇಶ ಮಾಮಾ ಗ್ರಾನೈಟ್ ಫ್ಯಾಕ್ಟರಿಯಲ್ಲಿ ಪಾಳಿ ಬದಲಿಸಿಕೊಂಡು ಕಾದದ್ದು, ನಾವು ಬಾರದೇ ಹೋದದ್ದು, ಆಮೇಲೆ ನಾನು ಫೋನು ಎತ್ತದೇ ಅಡಗಿದ್ದು, ಎಲ್ಲದಕ್ಕೂ ಕ್ಷಮೆ ಇರಲಿ. ಫೋನಿನಲ್ಲಿ ಹೇಳಿದರೆ ನೀನು ನಡುವೆಯೇ ನಗುತ್ತೀ, ಇಲ್ಲವೆ ಅಳುತ್ತೀ. ಕಾಗದದ ಮೇಲಾದರೆ ನಡುವೆ ಬಾಯಿ ಹಾಕಲು ಬರುವುದಿಲ್ಲ.

ತಪ್ಪೆಲ್ಲ ಕಾರಿನದು. ಅದರ ಚರಿತ್ರೆಯನ್ನು ಮೊದಲಿನಿಂದ ಹೇಳುತ್ತೇನೆ, ಕೇಳು.

ಹಳೆಯ ಕಾಲದವರು ಗಂಡನ ಹೆಸರು ಹೇಳದ ಹಾಗೆ ನಾನೂ ಅದರ ಕಂಪನಿಯ ಹೆಸರು ಹೇಳುವುದಿಲ್ಲ. ಇಡೀ ವಿದ್ಯಾಗಿರಿಯಲ್ಲಿ ಅಂಥದ್ದು ಒಂದೇ. ಒಳಗೆ ಕೂತರೆ ಸೋಫಾ, ಮೇಲೆ ನೋಡಿದರೆ ಆಕಾಶ. ತಂದ ದಿನವೇ ಬಾದಾಮಿಯ ಬನಶಂಕರಿಗೆ ಹೋಗಿ ಪೂಜೆ ಮಾಡಿಸಿದೆವು. ಗಾಲಿಗೊಂದು ನಿಂಬೆಹಣ್ಣು, ಮುಂದಿನ ಜಾಲರಿಗೆ ನಿಂಬೆ-ಮೆಣಸಿನಕಾಯಿಯ ಸರ. ತಿರುಗಿ ಬರುವಾಗ ಖಾಲಿ ರಸ್ತೆಯ ನಡುವೆ ಕಾರು ಟೊಂಯ್ ಟೊಂಯ್ ಎಂದು ಅರಚಿತು, ಪರದೆಯ ತುಂಬ ಕೆಂಪಕ್ಷರ ಬಂದವು, ತಾನೇ ಬ್ರೇಕು ಒತ್ತಿಕೊಂಡು ಗಕ್ಕನೆ ನಿಂತಿತು. ಅವ್ವನ ಹಣೆ ಸೀಟಿಗೆ ಬಡಿಯಿತು. ಮುಂದೆ ಆಡು ಇಲ್ಲ, ಆಕಳಿಲ್ಲ. ರಸ್ತೆಗೆ ಬಯ್ಯೋಣವೆಂದರೆ, ಆ ರಸ್ತೆ ಗುತ್ತಿಗೆ ಹಿಡಿದು ಮಾಡಿಸಿದವನು ನಮ್ಮ ಅಪ್ಪನೇ.

ಅಲ್ಲಿಂದ ಮುಂದೆ ಅದಕ್ಕೆ ಬಾರದ ರೋಗವಿಲ್ಲ. ಬಾಗಿಲು ಹಾಕಿದ್ದರೂ ‘ಬಾಗಿಲು ತೆರೆದಿದೆ’ ಎನ್ನುವುದು. ಮೇಲಿನ ಗಾಜು ತಾನಾಗಿ ಸರಿದು ಶಿರೂರಿನ ಧೂಳನ್ನೆಲ್ಲ ನಮ್ಮ ತಲೆಗೆ ಅಭಿಷೇಕ ಮಾಡುವುದು. ಹುಬ್ಬಳ್ಳಿಯ ಶೋರೂಮಿಗೆ ಒಯ್ದೆವು. ಅಲ್ಲಿನ ಮ್ಯಾನೇಜರ್ ಸುನೀಲಕುಮಾರ ಕಾರನ್ನು ಮುಟ್ಟಲೂ ಇಲ್ಲ, ಸರವನ್ನಷ್ಟೇ ತೋರಿಸಿದ.

“ಸರ್, ಸೆನ್ಸರ್ ಮುಂದ ನಿಂಬಿಹಣ್ಣು ಕಟ್ಟೀರಿ. ಅದಕ್ಕ ನಿಲ್ತೈತಿ.”

ಅಪ್ಪ ತಾನೇ ಸರ ಬಿಚ್ಚಿದ. ಅವ್ವ ಕಣ್ಣು ಮುಚ್ಚಿ ದೇವಿಗೆ ತಪ್ಪುಕಾಣಿಕೆ ಹೇಳಿಕೊಂಡಳು. ಮರಳಿ ಬರುತ್ತ ಕುಳಗೇರಿ ಕ್ರಾಸಿನಲ್ಲಿ ಕಾರು ಮತ್ತೆ ಟೊಂಯ್ ಎಂದು ನಿಂತಿತು. ಹಿಂದಿನ ಕಬ್ಬಿನ ಟ್ರ್ಯಾಕ್ಟರು ಗೇಣಿನಷ್ಟರಲ್ಲಿ ತಪ್ಪಿತು. ಟ್ರ್ಯಾಕ್ಟರಿನವನು ಇಳಿದುಬಂದು, “ಏನ್ರೀ ಸಾವಕಾರ್ರ, ಇಷ್ಟು ದೊಡ್ಡ ಗಾಡಿಗೆ ನಡದಾರಿಯೊಳಗ ನಿದ್ದಿ ಬಂತೇನ್ರಿ?” ಎಂದ.

“ನಿಂಬಿಹಣ್ಣಿಂದು ಏನೂ ತಪ್ಪಿಲ್ಲ. ನಾ ಮೊದಲ ಹೇಳಿದ್ನಿಲ್ಲೊ?” ಎಂದಳು ಅವ್ವ. ಹೀಗೆ ನಿಂಬೆಹಣ್ಣು ಸಕಲ ಆರೋಪಗಳಿಂದ ಬಿಡುಗಡೆಯಾಯಿತು.

ಅಕ್ಕಾ, ಇಲ್ಲಿಯವರೆಗೆ ತಮಾಷೆ. ಮುಂದಿನದನ್ನು ತಮಾಷೆಯಾಗಿ ಬರೆಯಲು ನೋಡಿದೆ, ಆಗಲಿಲ್ಲ.

ಇದೇ ಕಾರಿನ ಮಾಲೀಕರದೊಂದು ವಾಟ್ಸಾಪ್ ಗುಂಪು ಸಿಕ್ಕಿತು. ಗದಗಿನ ಡಾಕ್ಟರ್ ಅನುರಾಧಾ ಎಂಬವರು ಬರೆದಿದ್ದರು: ಕಾರು ಹೆದ್ದಾರಿಯಲ್ಲಿ ಹೀಗೇ ನಿಂತಾಗ ಹಿಂದಿನ ಲಾರಿ ಹೊಲಕ್ಕೆ ಇಳಿದು ಅವರ ಜೀವ ಉಳಿಸಿತಂತೆ, ಮಗಳು ಈಗಲೂ ಕಾರು ಹತ್ತಲು ಅಳುತ್ತಾಳಂತೆ. ಓದಿದ ಅಪ್ಪ ಕನ್ನಡಕ ತೆಗೆದು ಬಹಳ ಹೊತ್ತು ಒರೆಸಿದ. ಮರುದಿನದಿಂದ ನಮ್ಮ ಪಡಸಾಲೆ ಕಚೇರಿಯಾಯಿತು. ಒಬ್ಬೊಬ್ಬ ಮಾಲೀಕನಿಗೂ ಫೋನು ಮಾಡಿ, “ನಿಮ್ದು ಎಲ್ಲಿ ನಿಂತಿತ್ರಿ? ಯಾರಿಗೂ ಪೆಟ್ಟಾಗಿಲ್ಲಲ್ರಿ?” ಎಂದು ಕೇಳಿದ. ಮೊಬೈಲಿನಲ್ಲಿ ದೊಡ್ಡಕ್ಷರ ಮಾಡಿಕೊಟ್ಟರೂ ಓದಲು ಗೊಣಗುತ್ತಿದ್ದ ನಮ್ಮ ಅಪ್ಪ ಮಲಕಪ್ಪನವರು ವಿಡಿಯೊ ಕಳಿಸುವುದನ್ನು ಕಲಿತರು!

ಕಂಪನಿಯ ಪುಣೆಯ ಸಾಹೇಬರು ಬಂದು ಅಪ್ಪನಿಗೊಬ್ಬನಿಗೇ ಹೊಸ ಕಾರು ಕೊಡುತ್ತೇವೆ, ಗದ್ದಲ ಬೇಡ ಎಂದರು. ನಾನಾಗಿದ್ದರೆ ಬಣ್ಣ ಆರಿಸುತ್ತಿದ್ದೆ. ಅಪ್ಪ ಹೇಳಿದ್ದು ಇಷ್ಟು: “ನಂದು ಕಡೀಕ ರಿಪೇರಿ ಮಾಡ್ರಿ. ಆ ಡಾಕ್ಟರಬಾಯಾರದು ಮೊದಲ.”

“ಅದು ಸೇಫ್ಟಿ ಫೀಚರ್ ಅದ ಸರ್, ಸ್ವಲ್ಪ ಹೆಚ್ಚು ಕೆಲಸ ಮಾಡಾಕತ್ತದ ಅಷ್ಟ” ಎಂದರು ಸಾಹೇಬರು.

“ಹಂಗಾರ ನಿಮ್ಮ ಮಗಳನ್ನ ಇದರಾಗ ಕೂಡ್ರಿಸಿ ಕಳಸ್ತೀರೇನ್ರಿ ಸಾಹೇಬ್ರ? ನನಗೂ ಒಬ್ಬಾಕಿ ಮಗಳದಾಳ. ಬಾಣಂತನಕ್ಕ ಆಕಿನ್ನ ಇದರಾಗ ಕರ್ಕೊಂಡು ಬರೋದೈತಿ.”

ಚಹಾದ ಕಪ್ಪು ಹಿಡಿದಿದ್ದ ಅವ್ವ ಅಲ್ಲೇ ನಿಂತುಬಿಟ್ಟಳು. ರಿಜಿಸ್ಟ್ರಾರ್ ಆಫೀಸಿನಲ್ಲಿ ಮದುವೆಯಾಗಿ ನೀವಿಬ್ಬರೂ ನಮಸ್ಕಾರ ಮಾಡಲು ಬಂದ ದಿನ ಅಪ್ಪ ಬಾಗಿಲು ತೆಗೆಯಲಿಲ್ಲವಲ್ಲ, ಅಂದಿನಿಂದ ಅವನ ಬಾಯಲ್ಲಿ ‘ಮಗಳು’ ಎಂಬ ಮಾತು ಬಂದದ್ದು ಅದೇ ಮೊದಲು.

ಎಲ್ಲ ಮಾಲೀಕರ ವಿಡಿಯೊಗಳ ಮುಂದೆ ಕೊನೆಗೆ ಕಂಪನಿ ಸೋತಿತು. ಗುಂಪಿನ ಎಲ್ಲ ಕಾರುಗಳನ್ನೂ ಕರೆಸಿ ಸರಿಮಾಡಿ ಕೊಟ್ಟರು. ನಮ್ಮದು ಕಟ್ಟಕಡೆಗೆ, ಅಪ್ಪ ಹೇಳಿದಂತೆಯೇ. ಡಾಕ್ಟರು ಫೋನು ಮಾಡಿ, ಮಗಳು ಕಾರು ಹತ್ತಿದಳು ಎಂದರು. ನಾನು ಇವನನ್ನು ಇಷ್ಟು ದಿನ ಬರೀ ಅಪ್ಪ ಎಂದುಕೊಂಡಿದ್ದೆ ನೋಡು.

ಆಮೇಲೆಯೇ ರವಿವಾರ ಹೊರಟದ್ದು. ಅವ್ವ ಸಜ್ಜಿರೊಟ್ಟಿ, ಹೋಳಿಗೆ, ಐದು ಥರದ ಚಟ್ನಿ ಬುತ್ತಿ ಕಟ್ಟಿದ್ದಳು. ಹಸಿರು ಸೀರೆ ಅಪ್ಪನೇ ಆರಿಸಿದ್ದು. ಇಳಕಲ್ಲಿಗೆ ಇಳಕಲ್ ಸೀರೆ ಒಯ್ಯುವ ಬುದ್ಧಿವಂತ ಅವನೊಬ್ಬನೇ. ಅಮೀನಗಡದಲ್ಲಿ ಮಾಮಾನಿಗೆಂದು ಕರದಂಟು ಕೊಂಡ. ಹುನಗುಂದ ದಾಟಿ, ಇಳಕಲ್ಲಿನ ಫಲಕ ಕಾಣುವ ದೊಡ್ಡ ಬೇವಿನಮರದ ಹತ್ತಿರ ಕಾರು ನಿಂತಿತು. ‘ಮತ್ತ ಅದಾ ಬ್ಯಾನಿ’ ಎಂದು ಕಾರಿನೊಳಗೆ ಹಳೆಯ ರೋಗದ ಘೋಷಣೆಯಾಯಿತು. ನಂಬಿಕೆಯಿಲ್ಲದ ಗಾಡಿಯಲ್ಲಿ ಮುಂದೆ ಹೋಗುವುದು ಬೇಡವೆಂದು ಮೆಲ್ಲಗೆ ಹಿಂದಿರುಗಿದೆವು. “ಇದು ಆಕಿ ಬುತ್ತಿ. ಯಾರೂ ಮುಟ್ಟಬ್ಯಾಡ್ರಿ” ಎಂದು ಅವ್ವ ಮನೆತನಕ ಗಂಟನ್ನು ತೊಡೆಯ ಮೇಲಿಟ್ಟುಕೊಂಡೇ ಕೂತಿದ್ದಳು.

ಬರುವ ರವಿವಾರ ಮತ್ತೆ ಹೊರಡುತ್ತೇವೆ. ಅಪ್ಪನೇ ಅಂದಿದ್ದಾನೆ. ಹೊಟ್ಟೆಯಲ್ಲಿರುವ ಚಿಕ್ಕ ದೊರೆಗೋ ದೊರೆಸಾನಿಗೋ ಈ ಮಾಮಾನ ಆಶೀರ್ವಾದ: ಬುದ್ಧಿ ಅಜ್ಜನದು ಬರಲಿ, ಬಾಯಿ ನನ್ನದು ಬರಲಿ, ಗುದ್ದು ಮಾತ್ರ ನಿನ್ನದು ಬಾರದಿರಲಿ.

ಇಂತಿ,
ಎಡಸೀಟಿನ ಅಧಿಪತಿ,
ಗೌತಮ

ತಾ.ಕ.: ಅಕ್ಕಾ, ರವಿವಾರ ನೀನು ಬಾಗಿಲಲ್ಲಿ ಕಾಯಬೇಡ. ಮಾಮಾನ ಜೊತೆ ಆಟೋ ಮಾಡಿಕೊಂಡು ಆ ಬೇವಿನಮರದ ನೆರಳಿಗೆ ಬಂದು ನಿಲ್ಲು. ಕಾರು ಅಲ್ಲಿ ನಿಂತೇ ನಿಲ್ಲುತ್ತದೆ.

ಯಾಕೆಂದರೆ ಅದು ಕೆಟ್ಟಿರಲಿಲ್ಲ. ಅಂದು ಟೊಂಯ್ ಎನ್ನಲಿಲ್ಲ, ಕೆಂಪಕ್ಷರವೂ ಬರಲಿಲ್ಲ. ಬ್ರೇಕಿನ ಮೇಲೆ ಅಪ್ಪನ ಕಾಲಿತ್ತು. “ಅವತ್ತ ನಾ ಬಾಗಲಾ ತಗೀಲಿಲ್ಲ. ಇವತ್ತ ಆಕಿ ತಗೀತಾಳೇನು?” ಎಂದು ಮೆಲ್ಲಗೆ ಕೇಳಿದ, ನನ್ನನ್ನಲ್ಲ, ಮುಂದಿನ ಗಾಜನ್ನು. ಹಿಂದಿನಿಂದ ಅವ್ವ, “ಯಾಕ, ಏನಾತು?” ಎಂದಳು. ಅಪ್ಪ ಬಾಯಿ ತೆರೆಯುವುದರಲ್ಲಿದ್ದ. ಅವನ ಮುಖ ನೋಡಲಾಗಲಿಲ್ಲ ನನಗೆ.

‘ಮತ್ತ ಅದಾ ಬ್ಯಾನಿ’ ಎಂದವನು ನಾನು.