ಹಿತ್ತಲು ಹಳದಿಯಾದ ಮೇಲೆ

ಕೆರಗೋಡು
14-8-2024

ನಮ್ಮ ಯಜಮಾನರಿಗೆ, ಚಂದನ ಬರೆಯುವುದು.

ಇಲ್ಲಿ ನಾನು ಕ್ಷೇಮ ಎಂದು ಬರೆಯಲು ಕೈ ಬರುತ್ತಿಲ್ಲ. ಅತ್ತೆ ಈಗ ಎರಡು ಹೊತ್ತೂ ಮುದ್ದೆ ಉಣ್ಣುತ್ತಿದ್ದಾರಂತೆ, ಅದೊಂದೇ ಸಮಾಧಾನ. ಫೋನಿನಲ್ಲಿ ನಿಮ್ಮ ದನಿ ಕೇಳಿದರೆ ಫೋನು ಇಟ್ಟುಬಿಡುತ್ತೇನೆ. ಅದಕ್ಕೇ ಈ ಕಾಗದ.

ಹಿತ್ತಲ ತುಂಬ ಕಳೆ ಎಂದು ನೀವು ಗೊಣಗಿದಾಗೆಲ್ಲ ನಾನು ಹೇಳುತ್ತಿದ್ದುದು ಒಂದೇ. ಬದನೆ, ಮೆಣಸಿನ ಗಿಡಗಳ ನಡುವೆ ಕಬ್ಬಿನ ತರಗನ್ನು ದಪ್ಪಗೆ ಹೊದಿಸಿದರೆ ಬಿಸಿಲು ಕಾಣದೆ ಕಳೆ ಏಳುವುದಿಲ್ಲ. ಚಪ್ಪಡಿ ಸಂದಿಯ ಕಳೆಗೆ ಕುದಿಯುವ ನೀರು ಸಾಕು. ಉಳಿದ ಅಣ್ಣೆ, ಗಣಿಕೆ, ಹೊನಗೊನೆ ಸೊಪ್ಪನ್ನು ಎಳೆಯದಾಗಿರುವಾಗಲೇ ಬಿಡಿಸಿದರೆ ಬೆರಕೆಸೊಪ್ಪಿನ ಸಾರಾಗುತ್ತದೆ, ಬೀಜವೂ ಉದುರುವುದಿಲ್ಲ. ನೀವು ತರಬೇಕಾದದ್ದು ಒಂದು ಗಾಡಿ ತರಗು. “ನಾಳೆ ತತ್ತೀನಿ ಬುಡು” ಎಂದಿರಿ. ಗದ್ದೆಯಲ್ಲಿ ಅದೇ ತರಗಿಗೆ ಬೆಂಕಿ ಇಟ್ಟು ಬಂದ ದಿನವೂ ಹಾಗೇ ಎಂದಿರಿ.

ನಾನು, ಅತ್ತೆ ವೈದ್ಯನಾಥಪುರದ ದೇವಸ್ಥಾನಕ್ಕೆ ಹೋಗಿದ್ದ ದಿನ ನೀವು ಹಿತ್ತಲಿಗೆ ಕಳೆ ಔಷಧಿ ಹೊಡೆದಿರಿ. ನನಗೆ ಹೇಳಲಿಲ್ಲ. ಮರುದಿನ ಎಲೆಗಳು ಹಸಿರಾಗಿಯೇ ಇದ್ದವು. ಏನೋ ವಾಸನೆ ಬಂತು, ಪಕ್ಕದ ಗದ್ದೆಯದ್ದು ಎಂದುಕೊಂಡೆ. ಮಡಿಲು ತುಂಬ ಸೊಪ್ಪು ಬಿಡಿಸಿ ಸಾರು ಮಾಡಿದೆ. ಸಂಜೆಗೆ ಅತ್ತೆಗೆ ವಾಂತಿ, ಭೇದಿ.

ಮಂಡ್ಯದ ಆಸ್ಪತ್ರೆಯಲ್ಲಿ ಡ್ರಿಪ್ ಹಾಕಿದ್ದಾಗ ನಿಮ್ಮ ಯಶೋದಮ್ಮ ಚಿಕ್ಕಮ್ಮ ಎಲ್ಲರೆದುರಿಗೆ, “ಸೊಪ್ಪಿನ ಗುರ್ತಿಲ್ದೋಳ ಕೈಗೆ ಹಿತ್ಲು ಕೊಟ್ರೆ ಇನ್ನೇನಾದಾತು? ಯಾವ್ದೋ ವಿಸದ ಗಿಡ ಬೇಯ್ಸವ್ಳೆ ಕಣಮ್ಮ” ಎಂದರು. ಅದುವರೆಗೆ ಬೀದಿಯ ಹೆಂಗಸರು ಸೊಪ್ಪು ತಂದು ನನಗೇ ತೋರಿಸಿ, ಇದು ತಿನ್ನುವುದಾ ಎಂದು ಕೇಳುತ್ತಿದ್ದರು. ನಾಲ್ಕು ಜನರ ಮುಂದೆ ಮಾತಾಡಲು ಬಾರದ ನನಗೆ ಆ ಊರಲ್ಲಿ ಇದ್ದ ಹೆಸರು ಅದೊಂದೇ. ನಾನು ನಿಮ್ಮ ಮುಖ ನೋಡಿದೆ. ನೀವು ಮೊಬೈಲು ನೋಡುತ್ತಿದ್ದಿರಿ. ಅತ್ತೆಯೇ ಕಣ್ಣು ಬಿಟ್ಟು, “ಔಳೂ ಉಂಡವ್ಳೆ, ಸುಮ್ಕಿರೇ” ಎಂದರು. ಹೌದು, ನನಗೂ ವಾಂತಿಯಾಗಿತ್ತು. ಯಾರಿಗೂ ಹೇಳಿರಲಿಲ್ಲ. ನನ್ನ ಕೈಯ ಮೇಲೆ ನನಗೇ ಅನುಮಾನ ಬಂದಿತ್ತು.

ವಾರ ಕಳೆದು ಹಿತ್ತಲೆಲ್ಲ ಹಳದಿಯಾಯಿತು. ಆಗಲೇ ಪಕ್ಕದ ಮನೆಯ ನಾಗರಾಜಣ್ಣ ಬಂದು, “ಕಳೆ ಔಸ್ದಿ ಕ್ಯಾನು ಕೊಡವ್ವ, ನೀವು ದೇವಸ್ತಾನಕ್ಕೋದ ದಿನ ನಿನ್ ಗಂಡ ತಕ್ಕಂಡೋದೋನು ವಾಪಸ್ಸೇ ಕೊಟ್ಟಿಲ್ಲ” ಎಂದರು. ಹುಡುಕಿ ಕೊಟ್ಟೆ. ಬಟ್ಟೆ ತುಂಬಿಕೊಂಡು ತವರಿನ ಬಸ್ಸು ಹತ್ತಿದೆ.

ಔಷಧಿ ಹೊಡೆದದ್ದಕ್ಕೆ ಒಂದು ದಿನ ಜಗಳವಾಡಿ ಮರೆಯುತ್ತಿದ್ದೆ. ನಾವು ಅದನ್ನೇ ಬಿಡಿಸಿ ಉಣ್ಣುತ್ತೇವೆಂದು ನಿಮಗೆ ಹೊಳೆದಿರಲಿಕ್ಕಿಲ್ಲ. ಆದರೆ ಆಸ್ಪತ್ರೆಯಲ್ಲಿ ನಿಮ್ಮ ತಪ್ಪನ್ನು ನನ್ನ ತಲೆಗೆ ಕಟ್ಟುವಾಗ ಸುಮ್ಮನೆ ಕೂತಿದ್ದಿರಲ್ಲ, ಅದನ್ನು ಎಲ್ಲಿ ಬಚ್ಚಿಡಲಿ?

ಚಿಕ್ಕಮ್ಮನನ್ನೂ ಬೀದಿಯ ಹೆಂಗಸರನ್ನೂ ಜಗಲಿಗೆ ಕರೆಯಿರಿ. ಅವರೆದುರಿಗೆ ಈ ಕಾಗದವನ್ನು ಅತ್ತೆಗೆ ನೀವೇ ಓದಿ ಹೇಳಿ. ಕೇಳಿದ ಮೇಲೆ ಅತ್ತೆ ಕರೆದರೆ ಬರುತ್ತೇನೆ. ನೀವು ಕರೆದರೆ ಬರುವುದಿಲ್ಲ.

ಇಂತಿ,
ಚಂದನ

ತಾ.ಕ.: ಇದನ್ನು ಬರೆಯಬಾರದು ಎಂದುಕೊಂಡಿದ್ದೆ. ಸಾರು ಮಾಡಿದ ಆ ಮಧ್ಯಾಹ್ನ ಅತ್ತೆಗೆ ಬಡಿಸಿ ನಿಮ್ಮನ್ನು ಕರೆದೆ. ನೀವು ಸಾರಿನ ಪಾತ್ರೆಯೊಳಗೆ ಇಣುಕಿ, “ಮದ್ದೂರಲ್ಲೇ ಉಂಡ್ಕಬಂದೆ” ಎಂದಿರಿ. ಅತ್ತೆ ಉಣ್ಣುವುದನ್ನು ನೋಡುತ್ತ ಸ್ವಲ್ಪ ಹೊತ್ತು ನಿಂತು ಹೊರಗೆ ಹೋದಿರಿ. ನಾವಿಬ್ಬರೂ ಉಂಡಾದ ಮೇಲೆ ಬಂದು, ಸಾರು ಮುಟ್ಟದೆ ಮಿಕ್ಕ ಮುದ್ದೆಯನ್ನು ಮಜ್ಜಿಗೆಯಲ್ಲಿ ಕದಡಿಕೊಂಡು ಕುಡಿದಿರಿ. ಇಷ್ಟನ್ನು ಮಾತ್ರ ಅತ್ತೆಗೆ ಓದಬೇಡಿ.