ಹೊಂಗೆ ಮರದ ಕಡೆಯ ಕಿಟಕಿ

ನಿಟ್ಟೂರು

ಪ್ರಮೀಳಾ ಮೇಡಂ ಅವರಿಗೆ ಶರಣು.

ಗುಬ್ಬಿಯ ಹೊಸ ಆಸ್ಪತ್ರೆಯ ನಕ್ಷೆ ಮಾಡಿದವರು ನೀವೆಂದು ಅಲ್ಲಿನ ನರ್ಸ್ ಹೇಳಿದರು. ನಮ್ಮ ಯಜಮಾನರು ಚನ್ನವೀರಯ್ಯನವರು ಶ್ವಾಸಕೋಶದ ಕಾಯಿಲೆಗೆ ಅಲ್ಲಿ ದಾಖಲಾಗಿದ್ದರು. ಅದಕ್ಕೂ ಮೊದಲು ಸೇರಿಸಿದ್ದ ಆಸ್ಪತ್ರೆಯಲ್ಲಿ ಕಿಟಕಿಯೇ ಇರಲಿಲ್ಲ, ಹಗಲೂ ಟ್ಯೂಬ್‌ಲೈಟು. "ಇಲ್ಲಿ ಉಸಿರು ಕಟ್ತೈತೆ, ಮನೆಗೆ ಕರ್ಕೊಂಡ್ ಹೋಗು" ಎಂದು ಹಟ ಹಿಡಿದು, ಚಿಕಿತ್ಸೆ ಅರ್ಧಕ್ಕೆ ಬಿಟ್ಟು ಬಂದಿದ್ದರು.

ನಿಮ್ಮ ವಾರ್ಡಿಗೂ ಗೊಣಗುತ್ತಲೇ ಬಂದರು. ಆದರೆ ಅಲ್ಲಿ ಮಲಗಿದಲ್ಲಿಂದಲೇ ಹೊಂಗೆ ಮರ ಕಾಣುತ್ತಿತ್ತು, ಫ್ಯಾನ್ ಹಾಕದೆಯೂ ಗಾಳಿ ಆಡುತ್ತಿತ್ತು. ಒಂದು ಬೆಳಿಗ್ಗೆ, "ನೋಡೇ, ಹೊಂಗೆ ಹೂ ಬಿಟ್ಟೈತೆ" ಎಂದು ನನ್ನನ್ನು ಎಬ್ಬಿಸಿದರು. ಆಮೇಲೆ ಮನೆಯ ಮಾತೆತ್ತದೆ ಔಷಧಿ ತೆಗೆದುಕೊಂಡರು. ಕಾಯಿಲೆ ಬಲಿತಿತ್ತು, ಯುಗಾದಿ ಕಳೆದ ಮೇಲೆ ಲಿಂಗೈಕ್ಯರಾದರು. ಆದರೆ ಹೆದರಿಕೊಂಡು ಹೋಗಲಿಲ್ಲ. ಅದಕ್ಕೆ ನಿಮಗೆ ಋಣಿಯಾಗಿದ್ದೇನೆ.

ಅಮೃತೂರಿನಲ್ಲಿ ಈಗ ಕಟ್ಟುತ್ತಿರುವ ಆಸ್ಪತ್ರೆಯ ನಕ್ಷೆಯೂ ನಿಮ್ಮದೇ ಅಂತೆ. ಒಂದು ವಿನಂತಿ. ಅಲ್ಲಿನ ಅಂಗಳದ ಕಲ್ಲುಬೆಂಚಿಗೆ ಬೆನ್ನಿಗೊಂದು ಆಸರೆ ಇಡಿಸಿ. ಕೊನೆಯ ಸಂಜೆ ಇವರು ಹೊರಗೆ ಕೂರಬೇಕೆಂದರು. ಗುಬ್ಬಿಯ ಬೆಂಚಿನಲ್ಲಿ ಒರಗಲು ಏನೂ ಇಲ್ಲದ್ದರಿಂದ ನನ್ನ ಹೆಗಲಿಗೇ ಒರಗಿ ಕೂತರು. ನನಗದು ಭಾರವೆನಿಸಲಿಲ್ಲ.

ಜೊತೆಗೆ ಯಾರೂ ಇಲ್ಲದೆ ಬರುವವರೂ ಇರುತ್ತಾರಲ್ಲ, ಅವರಿಗಾಗಿ ಕೇಳುತ್ತಿದ್ದೇನೆ.

ಇಂತಿ,
ಶಕುಂತಲಮ್ಮ